ಗುರುತು ಉಳಿಯಿತು, ಮತದ ತೂಕ ಇಳಿಯಿತು

2015ರ ಜುಲೈ 5, ಭಾನುವಾರ. ಗ್ರೀಸಿನ ಮತದಾರರ ಕೈಗೆ ಬಂದ ಮತಪತ್ರವನ್ನು ಓದಿ ಮುಗಿಸುವುದೇ ಒಂದು ಕೆಲಸವಾಗಿತ್ತು. ಐರೋಪ್ಯ ಆಯೋಗ, ಐರೋಪ್ಯ ಕೇಂದ್ರ ಬ್ಯಾಂಕ್ ಮತ್ತು ಅಂತರರಾಷ್ಟ್ರೀಯ ಹಣಕಾಸು ನಿಧಿ ಮುಂದಿಟ್ಟಿದ್ದ, ಸಾಲದ ಷರತ್ತುಗಳ ಎರಡು ದಸ್ತಾವೇಜುಗಳ ಉದ್ದುದ್ದ ಹೆಸರುಗಳು ಅದರ ಮೇಲೆ ಅಚ್ಚಾಗಿದ್ದವು. ಅವನ್ನು ಒಪ್ಪುತ್ತೀರಾ ಎಂಬುದು ಪ್ರಶ್ನೆ. ಉತ್ತರಕ್ಕೆ ಎರಡು ಚೌಕ: ಮೇಲೆ ‘ಬೇಡ’, ಕೆಳಗೆ ‘ಸರಿ’. ಆ ಹೊತ್ತಿಗೆ ದೇಶದ ಬ್ಯಾಂಕುಗಳು ಬಾಗಿಲು ಹಾಕಿ ಒಂದು ವಾರವಾಗಿತ್ತು. ಎಟಿಎಂನಿಂದ ದಿನಕ್ಕೆ 60 ಯೂರೋಗಿಂತ ಹೆಚ್ಚು ತೆಗೆಯುವಂತಿರಲಿಲ್ಲ. ಕಾರ್ಡ್ ಇಲ್ಲದ ಪಿಂಚಣಿದಾರರಿಗಾಗಿ ಕೆಲವು ಶಾಖೆಗಳನ್ನು ತೆರೆದಾಗ ಮುದುಕರು, ಮುದುಕಿಯರು ಬೆಳಗಿನಿಂದಲೇ ಬಾಗಿಲ ಮುಂದೆ ಸಾಲುಗಟ್ಟಿದ್ದರು.

ಇಷ್ಟೆಲ್ಲ ಒತ್ತಡದ ನಡುವೆಯೂ ಶೇ 61ಕ್ಕಿಂತ ಹೆಚ್ಚು ಜನ ‘ಬೇಡ’ ಎಂದರು. ಅಥೆನ್ಸಿನ ಸಿಂಟಾಗ್ಮಾ ಚೌಕದಲ್ಲಿ ಅಂದು ರಾತ್ರಿ ಬಾವುಟಗಳು ಹಾರಿದವು. ಮರುದಿನ ಬೆಳಿಗ್ಗೆ ಹಣಕಾಸು ಮಂತ್ರಿ ಯಾನಿಸ್ ವರೂಫಾಕಿಸ್ ರಾಜೀನಾಮೆ ಕೊಟ್ಟರು. ಜುಲೈ 13ರ ಬೆಳಿಗ್ಗೆ, ಬ್ರಸೆಲ್ಸಿನಲ್ಲಿ ರಾತ್ರಿಯಿಡೀ ನಡೆದ ಯೂರೋ ದೇಶಗಳ ನಾಯಕರ ಸಭೆಯ ಕೊನೆಗೆ, ಪ್ರಧಾನಿ ಅಲೆಕ್ಸಿಸ್ ಸಿಪ್ರಾಸ್ ಹೊಸ ಸಾಲದ ಷರತ್ತುಗಳಿಗೆ ಒಪ್ಪಿಗೆ ಸೂಚಿಸಿದರು. ಜನ ತಿರಸ್ಕರಿಸಿದ್ದಕ್ಕಿಂತ ಈ ಷರತ್ತುಗಳು ಬಿಗಿಯಾಗಿದ್ದವು. ಸರ್ಕಾರಿ ಆಸ್ತಿಗಳನ್ನು ಮಾರಿ 5,000 ಕೋಟಿ ಯೂರೋ ಎತ್ತುವ ನಿಧಿಯೊಂದನ್ನು ಸ್ಥಾಪಿಸುವುದೂ ಅವುಗಳಲ್ಲಿ ಒಂದು.

ಈ ಪ್ರಸಂಗಕ್ಕೆ ಇನ್ನೊಂದು ಮಗ್ಗುಲೂ ಇದೆ. ಯೂರೋ ಬಳಸುತ್ತಿದ್ದ ದೇಶಗಳು ಆಗ 19. ಉಳಿದ 18 ದೇಶಗಳಲ್ಲೂ ಮತದಾರರಿದ್ದರು, ಸಂಸತ್ತುಗಳಿದ್ದವು. ಗ್ರೀಕರಿಗಿಂತ ಕಡಿಮೆ ಸಂಬಳ ಪಡೆಯುವ ಸ್ಲೊವಾಕಿಯಾದ ಕಾರ್ಮಿಕನ ತೆರಿಗೆಯೂ ಆ ಸಾಲದ ಖಾತರಿಯಲ್ಲಿ ಸೇರಿತ್ತು. ಅಥೆನ್ಸಿನ ಮತಪೆಟ್ಟಿಗೆ ಬ್ರಾಟಿಸ್ಲಾವಾದ ಖಜಾನೆಯನ್ನು ಕಟ್ಟಿಹಾಕಲಾರದು. ಅಲ್ಲದೆ ಗ್ರೀಕರಲ್ಲಿ ಬಹುಪಾಲು ಜನರಿಗೆ ಯೂರೋ ಬಿಟ್ಟು ಹೊರಬರುವ ಮನಸ್ಸೂ ಇರಲಿಲ್ಲ. ಅವರಿಗೆ ಮಿತವ್ಯಯದ ಷರತ್ತು ಬೇಡವಾಗಿತ್ತು, ಯೂರೋ ಬೇಕಾಗಿತ್ತು. ಈ ಎರಡನ್ನೂ ಒಟ್ಟಿಗೆ ಕೇಳಿ ವಾದಿಸುವ ಜಾಗ ಅಥೆನ್ಸಿನಲ್ಲೂ ಇರಲಿಲ್ಲ, ಬ್ರಸೆಲ್ಸಿನಲ್ಲೂ ಇರಲಿಲ್ಲ. ಯುರೋಪಿನ ಏಕೀಕರಣದ ಬಹುದೊಡ್ಡ ಕೊರತೆ ಇದು.

ಐರೋಪ್ಯ ಒಕ್ಕೂಟವನ್ನು ಟೀಕಿಸುವವರು ಸಾಮಾನ್ಯವಾಗಿ ಹೊರಿಸುವ ಆರೋಪ ಬೇರೆ. ಒಕ್ಕೂಟ ರಾಷ್ಟ್ರಗಳ ಗುರುತನ್ನು ಅಳಿಸುತ್ತಿದೆ, ಫ್ರೆಂಚರು ಫ್ರೆಂಚರಾಗಿ, ಪೋಲರು ಪೋಲರಾಗಿ ಉಳಿಯುವುದಿಲ್ಲ ಎನ್ನುತ್ತಾರೆ ಅವರು. ಏಳು ದಶಕಗಳ ಅನುಭವ ಈ ಆರೋಪವನ್ನು ಎತ್ತಿಹಿಡಿಯುವುದಿಲ್ಲ. ರಾಷ್ಟ್ರೀಯ ಗುರುತು ಗಟ್ಟಿಯಾಗಿಯೇ ಇದೆ. ಸೊರಗಿರುವುದು ರಾಷ್ಟ್ರೀಯ ರಾಜಕಾರಣ. ಅಂದರೆ ಮತ ಹಾಕಿ ನೀತಿಯನ್ನು ಬದಲಿಸುವ ಜನರ ಶಕ್ತಿ.

ಒಕ್ಕೂಟದ ಬುನಾದಿ ಹಾಕಿದವರು ಎಂಥವರೆಂದು ನೋಡಬೇಕು. ಕಲ್ಲಿದ್ದಲು ಮತ್ತು ಉಕ್ಕನ್ನು ಒಂದೇ ಆಡಳಿತದಡಿ ತರುವ ಪ್ರಸ್ತಾವವನ್ನು 1950ರ ಮೇ 9ರಂದು ಮಂಡಿಸಿದ ಫ್ರಾನ್ಸಿನ ವಿದೇಶಾಂಗ ಮಂತ್ರಿ ರಾಬೆರ್ ಶೂಮನ್ ಹುಟ್ಟಿದ್ದು ಲಕ್ಸೆಂಬರ್ಗಿನಲ್ಲಿ. ತಂದೆಯದು ಲೊರೇನ್ ಪ್ರಾಂತ. 1871ರ ಯುದ್ಧದ ನಂತರ ಅದು ಜರ್ಮನಿಯ ಪಾಲಾಗಿದ್ದರಿಂದ ಶೂಮನ್ ಹುಟ್ಟಿನಿಂದ ಜರ್ಮನ್ ಪ್ರಜೆ. ಮೊದಲ ಮಹಾಯುದ್ಧ ಮುಗಿದು ಲೊರೇನ್ ಫ್ರಾನ್ಸಿಗೆ ಮರಳಿದ ಮೇಲಷ್ಟೇ ಫ್ರೆಂಚ್ ಪ್ರಜೆ. ಇಟಲಿಯ ಪ್ರಧಾನಿ ಅಲ್ಚಿಡೆ ಡೆ ಗಾಸ್ಪೆರಿ ಯೌವನದಲ್ಲಿ ವಿಯೆನ್ನಾದ ಸಂಸತ್ತಿನಲ್ಲಿ ಕೂತವರು. ಅವರ ಊರಿದ್ದ ಟ್ರೆಂಟೊ ಪ್ರದೇಶ ಆಗ ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯದಲ್ಲಿತ್ತು. ರೈನ್ ತೀರದ ಕಲೋನಿನಿಂದ ಬಂದ ಪಶ್ಚಿಮ ಜರ್ಮನಿಯ ಚಾನ್ಸಲರ್ ಕೊನ್ರಾಡ್ ಅಡೆನೌವರ್ ಮೂರನೆಯವರು. ಗಡಿಗಳು ಜನರ ತಲೆಯ ಮೇಲೆಯೇ ಸರಿದಾಡಿದ್ದನ್ನು, ಅದಕ್ಕಾಗಿ ಎರಡೆರಡು ಸಲ ರಕ್ತ ಹರಿದದ್ದನ್ನು ಕಂಡವರು ಇವರು. ಗಡಿ ಅಳಿಸುವುದು ಇವರ ಗುರಿಯಾಗಿರಲಿಲ್ಲ; ಗಡಿಗಾಗಿ ಸಾಯುವುದು ತಪ್ಪಬೇಕಿತ್ತು. ಈ ಗುರಿ ಕೈಗೂಡಿತು. ಜರ್ಮನಿ ಮತ್ತು ಫ್ರಾನ್ಸ್ ನಡುವೆ ಮತ್ತೊಂದು ಯುದ್ಧವನ್ನು ಇವತ್ತು ಯಾರೂ ಊಹಿಸುವುದಿಲ್ಲ. ಇದಕ್ಕಿಂತ ದೊಡ್ಡ ರಾಜಕೀಯ ಸಾಧನೆ ಆ ಖಂಡದ ಇತಿಹಾಸದಲ್ಲಿ ಇನ್ನೊಂದಿಲ್ಲ.

ಗುರುತಿನ ವಿಷಯದಲ್ಲಿ ಒಕ್ಕೂಟ ಎಷ್ಟು ಎಚ್ಚರದಿಂದ ನಡೆದುಕೊಂಡಿತು ಎಂಬುದಕ್ಕೆ ಅದರ ದುಡ್ಡೇ ಸಾಕ್ಷಿ. 2002ರ ಜನವರಿ 1ರಂದು ಚಲಾವಣೆಗೆ ಬಂದ ಯೂರೋ ನೋಟುಗಳ ಮೇಲೆ ಕಿಟಕಿ, ಕಮಾನು, ಸೇತುವೆಗಳ ಚಿತ್ರಗಳಿವೆ. ರೋಮನೆಸ್ಕ್, ಗಾಥಿಕ್, ಬರೋಕ್ ಹೀಗೆ ಒಂದೊಂದು ಶೈಲಿಗೆ ಒಂದೊಂದು ನೋಟು. ಆದರೆ ಆ ಸೇತುವೆಗಳು ಯಾವ ನದಿಯ ಮೇಲೂ ಇರಲಿಲ್ಲ. ಒಂದು ದೇಶದ ಕಟ್ಟಡ ಹಾಕಿದರೆ ಇನ್ನೊಂದು ದೇಶ ಮುನಿಸಿಕೊಂಡೀತೆಂದು ಆಸ್ಟ್ರಿಯಾದ ವಿನ್ಯಾಸಕಾರ ರಾಬರ್ಟ್ ಕಲಿನಾ ಅವುಗಳನ್ನು ಕಲ್ಪನೆಯಿಂದಲೇ ಬರೆದರು. ನಾಣ್ಯದ ಕಥೆ ಬೇರೆ. ಅದರ ಒಂದು ಮುಖ ಎಲ್ಲರಿಗೂ ಸಮಾನ, ಇನ್ನೊಂದು ಮುಖ ಆಯಾ ದೇಶದ್ದು. ಐರ್ಲೆಂಡಿನದರ ಮೇಲೆ ಹಾರ್ಪ್ ವಾದ್ಯ, ಜರ್ಮನಿಯ ಒಂದು ಯೂರೋ ಮೇಲೆ ಹದ್ದು, ಇಟಲಿಯದರ ಮೇಲೆ ಲಿಯೊನಾರ್ಡೊ ಡ ವಿಂಚಿಯ ಮಾನವಾಕೃತಿ. 2026ರ ಜನವರಿ 1ರಂದು ಯೂರೋ ಬಳಗಕ್ಕೆ ಸೇರಿದ ಬಲ್ಗೇರಿಯಾ ತನ್ನ ಸಂತ ಇವಾನ್ ರಿಲ್ಸ್ಕಿಯನ್ನು ತಂದಿತು. ಹಾರ್ಪ್ ಇರುವ ನಾಣ್ಯ ಸೋಫಿಯಾದ ಅಂಗಡಿಯಲ್ಲೂ ನಡೆಯುತ್ತದೆ, ಸಂತನ ನಾಣ್ಯ ಡಬ್ಲಿನಿನಲ್ಲೂ ನಡೆಯುತ್ತದೆ.

ಭಾಷೆಗಳ ಲೆಕ್ಕ ಕನ್ನಡಿಗರಿಗೆ ಇನ್ನೂ ಹತ್ತಿರದ್ದು. ಒಕ್ಕೂಟಕ್ಕೆ 24 ಅಧಿಕೃತ ಭಾಷೆಗಳಿವೆ. ಸುಮಾರು ಐದು ಲಕ್ಷ ಜನರ ಮಾಲ್ಟೀಸ್ ಅದರಲ್ಲಿ ಒಂದು. ತವರಿನಲ್ಲೇ ದಿನಬಳಕೆಯಿಂದ ಹಿಂದೆ ಸರಿದಿದ್ದ ಐರಿಷ್ ಭಾಷೆ 2007ರಲ್ಲಿ ಅಧಿಕೃತವಾಯಿತು, 2022ರಲ್ಲಿ ಪೂರ್ಣ ಸ್ಥಾನ ಪಡೆಯಿತು. ಒಕ್ಕೂಟದ ಸಂಸ್ಥೆಗಳಿಗೆ ಈ 24ರಲ್ಲಿ ಯಾವುದೇ ಭಾಷೆಯಲ್ಲಿ ಪತ್ರ ಬರೆದರೂ ಅದೇ ಭಾಷೆಯಲ್ಲಿ ಉತ್ತರ ಪಡೆಯುವುದು ಪ್ರಜೆಯ ಹಕ್ಕು; ಇದು ಒಪ್ಪಂದದಲ್ಲೇ ಇದೆ. ನಾಲ್ಕು ಕೋಟಿಗೂ ಹೆಚ್ಚು ಜನರ ಮಾತೃಭಾಷೆಯಾದ ಕನ್ನಡದಲ್ಲಿ ಕೇಂದ್ರ ಸರ್ಕಾರದ ಕಚೇರಿಯಿಂದ ಉತ್ತರ ಪಡೆಯಲು ಇಂದಿಗೂ ಹೋರಾಡಬೇಕಾದವರಿಗೆ ಈ ಹಕ್ಕಿನ ಬೆಲೆ ಬಿಡಿಸಿ ಹೇಳಬೇಕಿಲ್ಲ. ಒಕ್ಕೂಟದಲ್ಲೂ ಅನ್ಯಾಯ ಇಲ್ಲದಿಲ್ಲ. ಮಾಲ್ಟೀಸಿಗಿಂತ ಹತ್ತಾರು ಪಟ್ಟು ಹೆಚ್ಚು ಜನ ಮಾತಾಡುವ ಕ್ಯಾಟಲನ್ ಭಾಷೆಗೆ ಒಕ್ಕೂಟದೊಳಗೆ ಸ್ವಂತ ದೇಶವಿಲ್ಲ ಎಂಬ ಒಂದೇ ಕಾರಣಕ್ಕೆ ಆ ಸ್ಥಾನ ಸಿಕ್ಕಿಲ್ಲ.

ಲಕ್ಸೆಂಬರ್ಗಿನಷ್ಟು ಏಕೀಕರಣದಲ್ಲಿ ಬೆರೆತ ದೇಶ ಯುರೋಪಿನಲ್ಲಿ ಇನ್ನೊಂದಿಲ್ಲ. ಮೊಸೆಲ್ ನದಿಯ ದಡದ ಶೆಂಗೆನ್ ಎಂಬ ಹಳ್ಳಿ ಇರುವುದು ಅಲ್ಲೇ. ಭಾರತೀಯರಿಗೆ ವೀಸಾದ ಹೆಸರಾಗಿ ಪರಿಚಿತವಾದ ಶೆಂಗೆನ್ ಒಪ್ಪಂದಕ್ಕೆ 1985ರ ಜೂನ್ 14ರಂದು ಐದು ದೇಶಗಳು ಸಹಿ ಹಾಕಿದ್ದು ಆ ನದಿಯಲ್ಲಿ ನಿಂತ ಹಡಗೊಂದರ ಮೇಲೆ. ಫ್ರಾನ್ಸ್, ಜರ್ಮನಿ, ಬೆಲ್ಜಿಯಂಗಳಿಂದ ದಿನಾ ಬೆಳಿಗ್ಗೆ ಎರಡು ಲಕ್ಷಕ್ಕೂ ಹೆಚ್ಚು ಜನ ಗಡಿ ದಾಟಿ ಈ ದೇಶಕ್ಕೆ ಕೆಲಸಕ್ಕೆ ಬರುತ್ತಾರೆ. ನಿವಾಸಿಗಳಲ್ಲೂ ಸುಮಾರು ಅರ್ಧದಷ್ಟು ಜನ ವಿದೇಶಿ ಪ್ರಜೆಗಳು. 2015ರ ಜೂನ್‌ನಲ್ಲಿ ಅಲ್ಲಿನ ಸರ್ಕಾರ ಒಂದು ದಿಟ್ಟ ಪ್ರಶ್ನೆ ಕೇಳಿತು: ಹತ್ತು ವರ್ಷ ನೆಲೆಸಿದ ವಿದೇಶಿಯರಿಗೆ ರಾಷ್ಟ್ರೀಯ ಚುನಾವಣೆಯಲ್ಲಿ ಮತ ಹಾಕಲು ಬಿಡೋಣವೇ? ಶೇ 78ರಷ್ಟು ಜನ ಬೇಡ ಎಂದರು. ಆ ಮೇಲೆ ಲಕ್ಸೆಂಬರ್ಗಿಷ್ ಭಾಷೆಯ ಪರವಾದ ಕೂಗು ಜೋರಾಯಿತು, ಅದಕ್ಕಾಗಿ ಕಾನೂನೂ ಬಂತು. ಗಡಿ ತೆರೆದಿಟ್ಟ ಜನ, ನೆರೆಯವರಿಂದಲೇ ಸಿರಿವಂತರಾದ ಜನ, ತಮ್ಮ ಗುರುತಿನ ಹಿಡಿತವನ್ನು ಸಡಿಲಿಸಲಿಲ್ಲ. ಅದನ್ನು ಸಂಕುಚಿತತೆ ಎಂದು ತಳ್ಳಿಹಾಕುವುದು ಸುಲಭ; ಅರ್ಧ ಜನ ಮತ ಹಾಕಲಾರದ ದೇಶವನ್ನು ಪೂರ್ಣ ಪ್ರಜಾಪ್ರಭುತ್ವ ಎನ್ನುವುದೂ ಕಷ್ಟವೇ. ಆದರೆ ಏಕೀಕರಣ ಗುರುತನ್ನು ಕರಗಿಸುತ್ತದೆ ಎಂಬ ಭಯಕ್ಕಂತೂ ಅಲ್ಲಿ ಆಧಾರ ಸಿಗುವುದಿಲ್ಲ.

ಹಾಗಾದರೆ ಅಧಿಕಾರ ಎಲ್ಲಿಗೆ ಹೋಯಿತು? ಅದು ಸದ್ದಿಲ್ಲದೆ ಹೋಯಿತು. ಡಚ್ ಸಾಗಣೆ ಕಂಪನಿಯೊಂದು ಜರ್ಮನಿಯಿಂದ ತರಿಸಿದ ರಾಸಾಯನಿಕದ ಸುಂಕದ ಬಗ್ಗೆ ತಕರಾರು ಎತ್ತಿತ್ತು. 1963ರಲ್ಲಿ ಲಕ್ಸೆಂಬರ್ಗಿನಲ್ಲಿರುವ ಐರೋಪ್ಯ ನ್ಯಾಯಾಲಯ, ಒಕ್ಕೂಟದ ಒಪ್ಪಂದ ದೇಶಗಳಿಗಷ್ಟೇ ಅಲ್ಲ, ಪ್ರಜೆಗಳಿಗೂ ನೇರ ಹಕ್ಕು ಕೊಡುತ್ತದೆ ಎಂದು ತೀರ್ಪಿತ್ತಿತು. ಮರುವರ್ಷ ಇಟಲಿಯ ವಕೀಲರೊಬ್ಬರ ವಿದ್ಯುತ್ ಬಿಲ್ಲಿನ ಪ್ರಕರಣದಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟು, ಒಕ್ಕೂಟದ ಕಾನೂನು ರಾಷ್ಟ್ರೀಯ ಕಾನೂನಿಗಿಂತ ಮೇಲು ಎಂದಿತು. ಎರಡೂ ಸಣ್ಣ ಮೊತ್ತದ ವ್ಯಾಜ್ಯಗಳು. ಯುರೋಪಿನ ಸಾರ್ವಭೌಮತ್ವದ ನಕ್ಷೆ ಬದಲಾದದ್ದು ಇಂಥ ತೀರ್ಪುಗಳಿಂದ. ಯಾವ ಚುನಾವಣೆಯಲ್ಲೂ ಈ ವಿಷಯ ಚರ್ಚೆಗೆ ಬಂದಿರಲಿಲ್ಲ. 1992ರ ಮಾಸ್ಟ್ರಿಕ್ಟ್ ಒಪ್ಪಂದ ನಾಣ್ಯವನ್ನೂ ಬಡ್ಡಿದರವನ್ನೂ ರಾಷ್ಟ್ರೀಯ ಸರ್ಕಾರಗಳ ಕೈಯಿಂದ ತೆಗೆಯಿತು, ಬಜೆಟ್ ಕೊರತೆಗೆ ಶೇ 3ರ ಮಿತಿ ಹಾಕಿತು. ಚುನಾವಣೆಗಳು ಮಾತ್ರ ಎಂದಿನಂತೆ ನಡೆದವು. ಅದೇ ಪಕ್ಷಗಳು, ಅದೇ ಭಾಷಣ, ಅದೇ ಭರವಸೆ. ಭರವಸೆ ಈಡೇರಿಸುವ ಸಾಧನಗಳು ಮಾತ್ರ ಬೇರೆಡೆಗೆ ಹೋಗಿದ್ದವು.

2011ರ ನವೆಂಬರ್‌ನಲ್ಲಿ ಇದು ಎದ್ದು ಕಂಡಿತು. ಇಟಲಿಯಲ್ಲಿ ಬೆರ್ಲುಸ್ಕೋನಿ ಇಳಿದು ಐರೋಪ್ಯ ಆಯೋಗದ ಮಾಜಿ ಸದಸ್ಯ ಮಾರಿಯೊ ಮೊಂಟಿ ಪ್ರಧಾನಿಯಾದರು. ಗ್ರೀಸಿನಲ್ಲಿ ಪಪಂಡ್ರೆಯು ಇಳಿದು ಐರೋಪ್ಯ ಕೇಂದ್ರ ಬ್ಯಾಂಕಿನ ಮಾಜಿ ಉಪಾಧ್ಯಕ್ಷ ಲೂಕಾಸ್ ಪಪಡೆಮೋಸ್ ಬಂದರು. ಇಬ್ಬರೂ ಸಂಸತ್ತಿನ ವಿಶ್ವಾಸ ಪಡೆದವರೇ, ಸಮರ್ಥರೇ. ಆದರೆ ಇಬ್ಬರೂ ಜನರ ಮುಂದೆ ನಿಂತು ಗೆದ್ದು ಬಂದವರಲ್ಲ.

ಇದರ ಹೊಣೆಯನ್ನೆಲ್ಲ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸಿನ ಮೇಲೆ ಹೊರಿಸುವುದು ನ್ಯಾಯವಲ್ಲ. ಅಲ್ಲಿನ ಬಹುಪಾಲು ಕಾನೂನುಗಳಿಗೆ ಕೈಯೆತ್ತುವವರು ಸದಸ್ಯ ದೇಶಗಳ ಮಂತ್ರಿಗಳೇ. ಅಲ್ಲಿ ಒಪ್ಪಿ ಬಂದು, ಊರಿಗೆ ಮರಳಿದ ಮೇಲೆ ‘ನಮ್ಮ ಕೈಯಲ್ಲಿ ಏನಿಲ್ಲ, ಬ್ರಸೆಲ್ಸ್ ಹೇಳಿದೆ’ ಎನ್ನುವ ಚಾಳಿ ಎಲ್ಲ ದೇಶಗಳಲ್ಲೂ ಬೆಳೆಯಿತು. ಒಳ್ಳೆಯದಾದರೆ ತಮ್ಮ ಸಾಧನೆ, ಕಹಿಯಾದರೆ ಒಕ್ಕೂಟದ ಹೇರಿಕೆ. ಬ್ರಿಟನ್ನಿನಲ್ಲಿ ಪತ್ರಿಕೆಗಳೂ ಇದಕ್ಕೆ ಕೈಜೋಡಿಸಿದವು. ಬಾಳೆಹಣ್ಣು ಎಷ್ಟು ಬಾಗಿರಬೇಕೆಂದು ಬ್ರಸೆಲ್ಸ್ ಅಪ್ಪಣೆ ಮಾಡುತ್ತದೆ ಎಂಬಂಥ ಸುದ್ದಿಗಳು ದಶಕಗಳ ಕಾಲ ಓಡಿದವು. 1975ರಲ್ಲಿ ಶೇ 67ರಷ್ಟು ಮತದಿಂದ ಒಳಗುಳಿಯಲು ಒಪ್ಪಿದ್ದ ದೇಶ 2016ರ ಜೂನ್ 23ರಂದು ಶೇ 51.9ರಷ್ಟು ಮತದಿಂದ ಹೊರನಡೆಯಲು ನಿರ್ಧರಿಸಿತು. ಒಕ್ಕೂಟ ಕಿತ್ತುಕೊಂಡಿತೆಂದು ಹೇಳಲಾದ ನೀಲಿ ಪಾಸ್‌ಪೋರ್ಟ್ ಮರಳಿ ಬಂತು. ವಾಸ್ತವವಾಗಿ ಪಾಸ್‌ಪೋರ್ಟಿನ ಬಣ್ಣವನ್ನು ಒಕ್ಕೂಟ ಕಡ್ಡಾಯ ಮಾಡಿರಲಿಲ್ಲ. ಸದಸ್ಯ ದೇಶವಾದ ಕ್ರೊಯೇಷಿಯಾದ ಪಾಸ್‌ಪೋರ್ಟ್ ನೀಲಿಯೇ. ಜನರಿಗೆ ಈ ಸರಳ ಸತ್ಯವನ್ನು ಹೇಳುವ ಕೆಲಸವನ್ನು ಲಂಡನ್ನಿನ ಸರ್ಕಾರಗಳು ಮಾಡಲಿಲ್ಲ.

ಬ್ರೆಕ್ಸಿಟ್ಟಿನ ನಿಜವಾದ ಪೆಟ್ಟು ಬಿದ್ದದ್ದು ಉತ್ತರ ಐರ್ಲೆಂಡಿಗೆ. ಐರ್ಲೆಂಡ್ ದ್ವೀಪವನ್ನು ಸೀಳುವ ಗಡಿಯ ಉದ್ದ ಸುಮಾರು 500 ಕಿಲೋಮೀಟರ್; ಇನ್ನೂರಕ್ಕೂ ಹೆಚ್ಚು ಕಡೆ ರಸ್ತೆಗಳು ಅದನ್ನು ದಾಟುತ್ತವೆ. ಹಿಂಸೆಯ ಮೂರು ದಶಕಗಳಲ್ಲಿ ಅಲ್ಲಿ ಸೈನಿಕರ ಕಾವಲು ಗೋಪುರಗಳಿದ್ದವು, ಹಲವು ರಸ್ತೆಗಳನ್ನು ಸ್ಫೋಟಿಸಿ ಮುಚ್ಚಲಾಗಿತ್ತು. 1993ರಲ್ಲಿ ಏಕ ಮಾರುಕಟ್ಟೆ ಬಂದಾಗ ಸುಂಕದ ಕಟ್ಟೆಗಳು ಹೋದವು. 1998ರ ಗುಡ್ ಫ್ರೈಡೇ ಶಾಂತಿ ಒಪ್ಪಂದದ ನಂತರ ಗೋಪುರಗಳೂ ಇಳಿದವು. ಆ ಒಪ್ಪಂದ, ಉತ್ತರ ಐರ್ಲೆಂಡಿನ ಜನ ತಮ್ಮನ್ನು ಬ್ರಿಟಿಷರೆಂದೋ ಐರಿಷರೆಂದೋ ಎರಡೂ ಎಂದೋ ಕರೆದುಕೊಳ್ಳಬಹುದು, ಎರಡೂ ಪಾಸ್‌ಪೋರ್ಟ್ ಇಟ್ಟುಕೊಳ್ಳಬಹುದು ಎಂದಿತು. ಎರಡೂ ದೇಶಗಳು ಒಂದೇ ಒಕ್ಕೂಟದಲ್ಲಿದ್ದ ಕಾಲದಲ್ಲಿ ಈ ಮಾತಿಗೆ ದಿನನಿತ್ಯದ ಅರ್ಥವಿತ್ತು. ಉತ್ತರ ಐರ್ಲೆಂಡಿನ ಡೆರ್ರಿಯಲ್ಲಿ ಮಲಗಿ ಎದ್ದು ಗಡಿಯಾಚೆಯ ಡೊನೆಗಾಲಿಗೆ ಕೆಲಸಕ್ಕೆ ಹೋಗುವವನು ಯಾವ ದೇಶದವನೆಂದು ಯಾರೂ ಕೇಳುತ್ತಿರಲಿಲ್ಲ. ಬ್ರಿಟನ್ ಹೊರಬಂದ ಕೂಡಲೇ ಗಡಿ ಎಲ್ಲಿ ಎಂಬ ಪ್ರಶ್ನೆ ಮತ್ತೆ ಎದ್ದಿತು. ಶೇ 55.8ರಷ್ಟು ಉತ್ತರ ಐರಿಷ್ ಮತದಾರರು ಒಳಗುಳಿಯಲು ಬಯಸಿದ್ದರೂ ಅವರ ಮತ ಲೆಕ್ಕಕ್ಕೆ ಬರಲಿಲ್ಲ. ಭೂಗಡಿ ತೆರೆದಿಡಲು ಸರಕುಗಳ ತಪಾಸಣೆಯನ್ನು ಐರಿಷ್ ಸಮುದ್ರಕ್ಕೆ ಸರಿಸಲಾಯಿತು. ಬ್ರಿಟಿಷ್ ಗುರುತನ್ನು ಪ್ರಾಣದಂತೆ ಕಾಯುವವರಿಗೆ ಅದು ಗಾಯವಾಯಿತು. 2023ರ ವಿಂಡ್ಸರ್ ಒಪ್ಪಂದ ಆ ಗಾಯಕ್ಕೆ ಮದ್ದು ಹಚ್ಚಿದೆ, ಮಾಯಿಸಿಲ್ಲ.

ಫ್ರಾನ್ಸಿನ ಪ್ರಸಂಗ ಇದಕ್ಕಿಂತ ಹೆಚ್ಚು ಕಲಿಸುವಂಥದ್ದು. 2005ರ ಮೇ 29ರಂದು ಐರೋಪ್ಯ ಸಂವಿಧಾನದ ಮೇಲೆ ಜನಮತಗಣನೆ ನಡೆಯಿತು. ಕರಡನ್ನು ಮತದಾರರ ಮನೆ ಮನೆಗೆ ಕಳುಹಿಸಲಾಗಿತ್ತು. ಜನ ಅದನ್ನು ಓದಿದರು, ಕಾಫಿ ಅಂಗಡಿಗಳಲ್ಲಿ, ಊರ ಸಭೆಗಳಲ್ಲಿ ವಾದಿಸಿದರು. ಹತ್ತರಲ್ಲಿ ಏಳು ಮಂದಿ ಬಂದು ಮತ ಹಾಕಿದರು. ಸುಮಾರು ಶೇ 55ರಷ್ಟು ಜನ ತಿರಸ್ಕರಿಸಿದರು. ಮೂರು ದಿನಗಳ ನಂತರ ನೆದರ್ಲೆಂಡ್ಸ್ ಶೇ 61ಕ್ಕೂ ಹೆಚ್ಚು ಮತದಿಂದ ತಿರಸ್ಕರಿಸಿತು. ಒಕ್ಕೂಟ ಹುಟ್ಟಿದಾಗಿನ ಆರು ದೇಶಗಳಲ್ಲಿ ಎರಡು ಇವು. ನಾಯಕರು ಮಾಡಿದ್ದೇನು? ಕರಡಿನಿಂದ ‘ಸಂವಿಧಾನ’ ಎಂಬ ಹೆಸರು ತೆಗೆದರು, ಧ್ವಜ ಮತ್ತು ಗೀತೆಯ ಉಲ್ಲೇಖ ಬಿಟ್ಟರು, ‘ವಿದೇಶಾಂಗ ಮಂತ್ರಿ’ ಎಂಬ ಪದವಿಯ ಹೆಸರು ಬದಲಿಸಿದರು. ಅಧಿಕಾರಗಳ ಹಂಚಿಕೆಯನ್ನು ಬಹುತೇಕ ಹಾಗೆಯೇ ಉಳಿಸಿಕೊಂಡು 2007ರ ಡಿಸೆಂಬರ್‌ನಲ್ಲಿ ಲಿಸ್ಬನ್ ಒಪ್ಪಂದವೆಂದು ಸಹಿ ಹಾಕಿದರು. 2008ರ ಫೆಬ್ರುವರಿಯಲ್ಲಿ ಫ್ರಾನ್ಸ್ ಅದನ್ನು ಸಂಸತ್ತಿನಲ್ಲೇ ಅಂಗೀಕರಿಸಿತು. ಜನರನ್ನು ಮತ್ತೆ ಕೇಳಲಿಲ್ಲ. ಜನಮತಗಣನೆ ನಡೆಸಿದ ಐರ್ಲೆಂಡ್ ಬೇಡ ಎಂದಾಗ, ಕೆಲವು ಭರವಸೆಗಳನ್ನು ಕೊಟ್ಟು ಮರುವರ್ಷ ಮತ್ತೆ ಕೇಳಿ ಒಪ್ಪಿಗೆ ಪಡೆಯಲಾಯಿತು.

ಜನರಿಗೆ ನೋವಾಗಿರುವುದು ಗುರುತಿನ ಚಿಹ್ನೆಗಳಿಂದ ಎಂದು ನಾಯಕರು ತಿಳಿದರು. ಚಿಹ್ನೆ ತೆಗೆದು ಅಧಿಕಾರ ಇಟ್ಟುಕೊಂಡರು. ಆಗಬೇಕಾಗಿದ್ದದ್ದು ಇದರ ತದ್ವಿರುದ್ಧ. ಧ್ವಜ, ಗೀತೆಗಳಿಂದ ಯಾವ ಫ್ರೆಂಚನ ಫ್ರೆಂಚ್‌ತನಕ್ಕೂ ಕುಂದು ಬರುತ್ತಿರಲಿಲ್ಲ.

ಐರಿಷ್ ರಾಜಕೀಯಶಾಸ್ತ್ರಜ್ಞ ಪೀಟರ್ ಮೇಯರ್ ಈ ಅಪಾಯವನ್ನು ಮೊದಲೇ ಗುರುತಿಸಿದ್ದರು. ಒಂದು ವ್ಯವಸ್ಥೆಯ ಒಳಗೆ ನಿಂತು ಅದರ ನೀತಿಗಳನ್ನು ವಿರೋಧಿಸಲು ದಾರಿ ಇಲ್ಲದಿದ್ದರೆ ಜನ ಆ ವ್ಯವಸ್ಥೆಯನ್ನೇ ವಿರೋಧಿಸುತ್ತಾರೆ ಎಂಬುದು ಅವರ ವಾದದ ತಿರುಳು. ಜರ್ಮನಿಯ ಎಎಫ್‌ಡಿ (‘ಜರ್ಮನಿಗೆ ಪರ್ಯಾಯ’) ಪಕ್ಷದ ಚರಿತ್ರೆ ಇದನ್ನು ನಿಜ ಮಾಡಿತು. ಅದು 2013ರಲ್ಲಿ ಹುಟ್ಟಿದ್ದು ಯೂರೋ ನೀತಿಯನ್ನು ಪ್ರಶ್ನಿಸಿದ ಅರ್ಥಶಾಸ್ತ್ರ ಪ್ರಾಧ್ಯಾಪಕರ ಮುಂದಾಳತ್ವದಲ್ಲಿ. ಅಂಗೆಲಾ ಮರ್ಕೆಲ್ ಸರ್ಕಾರ ತನ್ನ ಯೂರೋ ನೀತಿಗೆ ಬೇರೆ ದಾರಿಯೇ ಇಲ್ಲ ಎನ್ನುತ್ತಿದ್ದ ಕಾಲ ಅದು. ಎರಡೇ ವರ್ಷದಲ್ಲಿ ಆ ಪ್ರಾಧ್ಯಾಪಕರು ಹೊರಬಿದ್ದರು. ಪಕ್ಷದ ಮಾತು ಬಡ್ಡಿ, ಸಾಲಗಳಿಂದ ವಲಸಿಗರ ಮೇಲೆ, ಮುಸ್ಲಿಮರ ಮೇಲೆ ಹೊರಳಿತು. 2025ರ ಫೆಬ್ರುವರಿಯ ಚುನಾವಣೆಯಲ್ಲಿ ಶೇ 20.8ರಷ್ಟು ಮತ ಪಡೆದು ಅದು ಎರಡನೇ ಸ್ಥಾನಕ್ಕೆ ಬಂತು. ಅರ್ಥನೀತಿಯ ಮೇಲೆ ಜಗಳವಾಡಲು ಜಾಗ ಸಿಗದಿದ್ದಾಗ ಜಗಳ ಮನುಷ್ಯರ ಚರ್ಮ, ಧರ್ಮಗಳ ಮೇಲೆ ಬೀಳುತ್ತದೆ. ಫ್ರಾನ್ಸಿನ ಮರೀನ್ ಲೆ ಪೆನ್ ಪಕ್ಷ 2017ರ ಸೋಲಿನ ನಂತರ ಯೂರೋ ತೊರೆಯುವ ಮಾತು ಬಿಟ್ಟಿತು, ವಲಸಿಗರ ವಿರುದ್ಧದ ಮಾತನ್ನು ಬಿಡಲಿಲ್ಲ. 2024ರ ಐರೋಪ್ಯ ಸಂಸತ್ ಚುನಾವಣೆಯಲ್ಲಿ ಅದಕ್ಕೆ ಶೇ 31ರಷ್ಟು ಮತ ಬಂತು. ಅಧ್ಯಕ್ಷ ಮ್ಯಾಕ್ರಾನ್ ಅದೇ ರಾತ್ರಿ ಫ್ರಾನ್ಸಿನ ಸಂಸತ್ತಿನ ಕೆಳಮನೆಯನ್ನು ವಿಸರ್ಜಿಸಿದರು. ಆ ವರ್ಷದ ಸೆಪ್ಟೆಂಬರಿನಲ್ಲಿ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಶುರುಮಾಡಿತು, ಶೆಂಗೆನ್ ಹಳ್ಳಿಯ ಎದುರು ದಡದಲ್ಲೂ.

ಇಷ್ಟು ಹೇಳಿದ ಮಾತ್ರಕ್ಕೆ ‘ರಾಷ್ಟ್ರದ ಇಚ್ಛೆ’ ಎಂದು ಕೂಗುವವರೆಲ್ಲ ಜನರ ಪರ ಎಂದಾಗದು. ಪೋಲೆಂಡಿನಲ್ಲಿ 2015ರಿಂದ ಎಂಟು ವರ್ಷ ಆಳಿದ ಪಕ್ಷ ನ್ಯಾಯಾಲಯಗಳನ್ನು ತನ್ನ ಕೈಗೆ ತೆಗೆದುಕೊಳ್ಳಲು ಹೊರಟಾಗ, ಹಂಗೆರಿಯ ವಿಕ್ಟರ್ ಓರ್ಬಾನ್ ಪತ್ರಿಕೆ, ವಿಶ್ವವಿದ್ಯಾಲಯಗಳನ್ನು ಹಣಿದಾಗ, ಅಲ್ಲಿನ ನ್ಯಾಯಾಧೀಶರು, ಪತ್ರಕರ್ತರು ಮೊರೆಯಿಟ್ಟದ್ದು ಒಕ್ಕೂಟಕ್ಕೇ. ಒಕ್ಕೂಟ ಅನುದಾನ ತಡೆಹಿಡಿದದ್ದು ಸರಿಯಾಗಿಯೇ ಇತ್ತು. ವಾರ್ಸಾದ ಬೀದಿಗಳಲ್ಲಿ ಪೋಲಿಷ್ ಬಾವುಟ ಮತ್ತು ಒಕ್ಕೂಟದ ನೀಲಿ ಬಾವುಟ ಎರಡನ್ನೂ ಹಿಡಿದು ನಡೆದವರು ಪೋಲರೇ.

ಹಾಗಾದರೆ ದಾರಿ ಯಾವುದು? ಡೆನ್ಮಾರ್ಕಿನಲ್ಲಿ ಒಂದು ಮಾದರಿ ಇದೆ. 1992ರ ಜೂನ್ 2ರಂದು ಡೇನರು ಮಾಸ್ಟ್ರಿಕ್ಟ್ ಒಪ್ಪಂದವನ್ನು ಶೇ 50.7ರಷ್ಟು ಮತದಿಂದ ತಿರಸ್ಕರಿಸಿದರು. ಆ ‘ಬೇಡ’ಕ್ಕೆ ಬೆಲೆ ಸಿಕ್ಕಿತು. ಡಿಸೆಂಬರಿನಲ್ಲಿ ಎಡಿನ್‌ಬರೊ ಸಭೆಯಲ್ಲಿ ಯೂರೋ, ರಕ್ಷಣೆ, ನ್ಯಾಯ-ಗೃಹ ವ್ಯವಹಾರ, ಪೌರತ್ವ ಈ ನಾಲ್ಕು ವಿಷಯಗಳಲ್ಲಿ ಡೆನ್ಮಾರ್ಕಿಗೆ ವಿನಾಯಿತಿ ಕೊಡಲಾಯಿತು; ಮರುವರ್ಷ ಜನ ಒಪ್ಪಿದರು. 2000ದಲ್ಲಿ ಯೂರೋ ಬೇಕೇ ಎಂದು ಕೇಳಿದಾಗ ಬೇಡ ಎಂದರು, ಸರ್ಕಾರ ಸುಮ್ಮನಾಯಿತು. 2015ರಲ್ಲಿ ನ್ಯಾಯ ವ್ಯವಹಾರದ ವಿನಾಯಿತಿ ಸಡಿಲಿಸೋಣವೇ ಎಂದಾಗ ಮತ್ತೆ ಬೇಡ ಎಂದರು, ಅದೂ ಹಾಗೆಯೇ ನಿಂತಿತು. ಉಕ್ರೇನಿನ ಮೇಲೆ ರಷ್ಯಾ ದಾಳಿ ಮಾಡಿದ ನಂತರ, 2022ರ ಜೂನ್ 1ರಂದು, ರಕ್ಷಣಾ ವಿನಾಯಿತಿಯನ್ನು ಬಿಟ್ಟುಕೊಡೋಣವೇ ಎಂದು ಕೇಳಲಾಯಿತು. ಶೇ 66.9ರಷ್ಟು ಜನ ಹೌದು ಎಂದರು. ಯಾರೂ ಅವರನ್ನು ತಳ್ಳಿರಲಿಲ್ಲ.

ಡೆನ್ಮಾರ್ಕಿನಲ್ಲಿ ಇನ್ನೊಂದು ಕಟ್ಟಳೆಯೂ ಇದೆ. ಬ್ರಸೆಲ್ಸಿನಲ್ಲಿ ಮುಖ್ಯ ವಿಷಯವೊಂದಕ್ಕೆ ಒಪ್ಪಿಗೆ ಕೊಡುವ ಮುನ್ನ ಮಂತ್ರಿ ಸಂಸತ್ತಿನ ಐರೋಪ್ಯ ವ್ಯವಹಾರಗಳ ಸಮಿತಿಯ ಮುಂದೆ, ಸಾಮಾನ್ಯವಾಗಿ ಒಂದು ಶುಕ್ರವಾರ, ಹಾಜರಾಗಿ ತನ್ನ ನಿಲುವನ್ನು ವಿವರಿಸಬೇಕು. ಸಮಿತಿಯಲ್ಲಿ ಬಹುಮತ ವಿರುದ್ಧವಿದ್ದರೆ ಆ ನಿಲುವಿನೊಂದಿಗೆ ವಿಮಾನ ಹತ್ತುವಂತಿಲ್ಲ. ಸಮಿತಿಯ ಒಪ್ಪಿಗೆ ಪಡೆದು ಹೋದ ಮಂತ್ರಿಗೆ ಮರಳಿ ಬಂದು ‘ಬ್ರಸೆಲ್ಸ್ ಹೇಳಿತು’ ಎನ್ನಲು ಬಾಯಿ ಬರುವುದಿಲ್ಲ. ಫಿನ್ಲೆಂಡ್, ಸ್ವೀಡನ್, ಆಸ್ಟ್ರಿಯಾಗಳಲ್ಲೂ ಇದೇ ಬಗೆಯ ಏರ್ಪಾಟುಗಳಿವೆ. ಪ್ಯಾರಿಸ್, ರೋಮ್, ಮ್ಯಾಡ್ರಿಡ್, ಅಥೆನ್ಸ್‌ಗಳಲ್ಲೂ ಇದು ಬರಬೇಕು. ಇದಕ್ಕೆ ಯಾವ ಒಪ್ಪಂದವನ್ನೂ ತಿದ್ದಬೇಕಾಗಿಲ್ಲ, 27 ದೇಶಗಳ ಒಮ್ಮತವೂ ಬೇಕಾಗಿಲ್ಲ. ಆಯಾ ದೇಶದ ಸಂಸತ್ತು ತನ್ನ ಮಂತ್ರಿಗಳನ್ನು ಕಟ್ಟುನಿಟ್ಟಾಗಿ ಕೇಳಲು ಮನಸ್ಸು ಮಾಡಿದರೆ ಸಾಕು.